ಕೆಳಹೊಲದ ಜೊಂಡುಹಕ್ಕಿ

ಏಪ್ರಿಲ್ ೧೯

ಪ್ರೀತಿಯ ಪುಟ್ಟಿ,

ಮೊದಲು ಒಳ್ಳೆಯ ಸುದ್ದಿ. ಈ ವರ್ಷವೂ ನಮ್ಮ ಕೆಳಹೊಲದಲ್ಲಿ ಜೊಂಡುಹಕ್ಕಿ ಕೂಗಿತು, ಇಲಾಖೆಯವರು ಕೇಳಿ ಬರೆದುಕೊಂಡು ಹೋದರು. ಹೊಲ ಉಳದೆ, ಹುಲ್ಲು ಕೊಯ್ಯದೆ ಹಕ್ಕಿಗೆ ಬಿಟ್ಟದ್ದಕ್ಕೆ ಸರ್ಕಾರ ಕೊಡುವ ಸಬ್ಸಿಡಿ ಎಂದಿನ ಹಾಗೆ ನಿನ್ನ ಖಾತೆಗೆ ಬರುತ್ತದೆ. ಅರ್ಧ ನನಗೆ ಕಳಿಸುವುದನ್ನು ಮರೆಯಬೇಡ, ಅಡುಗೆಮನೆಯ ಸೂರು ಸೋರುತ್ತಿದೆ.

ಈಗ ಗುಟ್ಟು. ಕೂಗಿದ್ದು ಹಕ್ಕಿಯಲ್ಲ, ನಾನು.

ನಗಬೇಡ. ನಿನ್ನ ಅಣ್ಣ ಇರುವವರೆಗೆ ಹಕ್ಕಿಗಳು ಇದ್ದವು. ಅವರು ಹೋದ ಮೇಲೆ ಅವೂ ಏನಾಯಿತೋ, ಎತ್ತ ಹೋದವೋ, ಹೋದ ವರ್ಷದಿಂದ ಒಂದೂ ಬಂದಿಲ್ಲ. ಹಕ್ಕಿಯ ಕೂಗು ಕೇಳಿಸದಿದ್ದರೆ ಸಬ್ಸಿಡಿ ಇಲ್ಲ. ಸಬ್ಸಿಡಿ ಇಲ್ಲದಿದ್ದರೆ ನೀನು ಹೊಲ ಮಾರುತ್ತೀಯ, ನಿನ್ನ ಜಾಗದಲ್ಲಿ ನಾನಿದ್ದರೂ ಮಾರುತ್ತಿದ್ದೆ. ಆಮೇಲೆ ನನ್ನ ಗತಿ ಏನು ಹೇಳು. ಹಸು ಒದ್ದು ನನ್ನ ಮುಂದಿನ ಹಲ್ಲು ಅರ್ಧ ಮುರಿದದ್ದು ನಿನಗೆ ಗೊತ್ತಲ್ಲ. ಆವತ್ತು ಬಾಯಿ ತೊಳೆದುಕೊಂಡು ಉಸಿರು ಬಿಟ್ಟರೆ ಆ ಸಂದಿನಿಂದ ಥೇಟ್ ಜೊಂಡುಹಕ್ಕಿಯ ದನಿ. ಮೊದಲು ಕಿರ್ರೆಂದು ಎಳೆತ, ಕೊನೆಗೆ ಒಂದು ಶಿಳ್ಳೆ. ನನಗೆ ನೋವಿನಲ್ಲಿ ಜೀವ ಹೋಗುತ್ತಿದ್ದರೆ ನಿನ್ನ ಅಣ್ಣ ಗೋಡೆ ಹಿಡಿದುಕೊಂಡು ನಕ್ಕರು. ತಾವೂ ಕೈ ಬಾಯಿಗೆ ಹಿಡಿದು ಎಷ್ಟೋ ಪ್ರಯತ್ನ ಮಾಡಿದರು, ಬರಲಿಲ್ಲ. ಆ ಮುರಿದ ಹಲ್ಲೇ ಬೇಕು.

ಹಕ್ಕಿ ಎಣಿಸಲು ಬರುವ ಇಲಾಖೆಯವನಿಗೆ ನಾನು ಕಿವಿರಾಯರು ಎಂದು ಹೆಸರಿಟ್ಟಿದ್ದೇನೆ. ಬದುವಿನ ಮೇಲೆ ನಿಂತು, ಟೋಪಿ ತೆಗೆದು, ಒಂದು ಕಿವಿಯನ್ನು ಹೊಲದ ಕಡೆ ಕೊಡುತ್ತಾರೆ. ನಾನು ಜೊಂಡಿನೊಳಗೆ ಮೊಣಕಾಲುದ್ದ ನೀರಲ್ಲಿ ಕೂತು ಕೂಗಿದೆ. ಕರಿಯನನ್ನು ಒಳಗೆ ಕೂಡಿಹಾಕಿ ಬಂದಿದ್ದೆ, ಆದರೂ ಅವನು ಬಾಗಿಲ ಸಂದಿನಿಂದ ನನ್ನ ದನಿಗೆ ಉತ್ತರ ಕೊಡುತ್ತಿದ್ದ. ಪೆದ್ದ ನಾಯಿ, ಆದರೆ ನನ್ನ ಕಡೆಯವನು.

ನಿನ್ನ ಯಜಮಾನರಿಗೆ ಇದನ್ನು ಹೇಳಬೇಡ. ನಗರಕ್ಕೆ ಬಂದು ನಮ್ಮ ಜೊತೆ ಇರಿ ಎಂದು ಮತ್ತೆ ಕೇಳಿದ್ದೀಯ. ಮಾವ ಹೊಲವನ್ನು ನಿನಗೆ ಬರೆದರು, ಕೊನೆಯವರೆಗೆ ಈ ಮನೆಯಲ್ಲಿರು ಎಂದು ನನಗೆ ಮಾತು ಕೊಟ್ಟು ಹೋದರು. ಆ ಮಾತು ನನಗೆ ಸಾಕು. ನಾನು ಇಲ್ಲಿಂದ ಎಲ್ಲಿಗೂ ಬರುವವಳಲ್ಲ.

ನಿನ್ನ ಅತ್ತಿಗೆ

ಮೇ ೨

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ಓದಿ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಇವರಿಗೆ ಹೇಳಬೇಡ ಅಂದಿದ್ದಿರಿ, ಒಪ್ಪಿದೆ, ಆದರೆ ನಾನು ಒಬ್ಬಳೇ ನಗುತ್ತಾ ಕೂತರೆ ಅವರು ಬಿಡುತ್ತಾರೆಯೇ? ಬೈಯಬೇಡಿ. "ನಿಮ್ಮತ್ತಿಗೆ ದೊಡ್ಡ ಕಲಾವಿದೆ ಕಣೇ" ಅಂತ ಅವರೂ ನಕ್ಕರು. ಎಷ್ಟು ಹಕ್ಕಿ ಕೂಗಿದವು ಅಂತ ಕೇಳಿದರು. ಒಂದೇ ಅಂದೆ.

ಅವರು ವಕೀಲರ ಆಫೀಸಿನಲ್ಲಿ ಇರುವವರು, ಎಲ್ಲದರಲ್ಲೂ ಮುಂದಿನದು ನೋಡುತ್ತಾರೆ. ಅಷ್ಟು ದೊಡ್ಡ ಹೊಲದಲ್ಲಿ ವರ್ಷವರ್ಷವೂ ಒಂಟಿ ಹಕ್ಕಿ ಅಂದರೆ ಯಾರಿಗಾದರೂ ಅನುಮಾನ ಬರುತ್ತದಂತೆ. ಮೇ ಕೊನೆಗೆ ಎರಡನೇ ಎಣಿಕೆಗೆ ಬರುತ್ತಾರಲ್ಲ, ಆಗ ಮೂರು ಕಡೆಯಿಂದ ಕೂಗಿ. ಒಂದು ಕಾಲುವೆ ಬದಿ, ಒಂದು ನಡುವೆ, ಒಂದು ಬೇಲಿಯ ಹತ್ತಿರ. ಸ್ವಲ್ಪ ಓಡಾಟ ಆಗುತ್ತದೆ, ಆದರೆ ನೀವು ನನಗಿಂತ ಗಟ್ಟಿ, ನನಗೆ ಗೊತ್ತಿಲ್ಲವೇ.

ಅರ್ಧ ಕಳಿಸಿದ್ದೇನೆ. ಸೂರಿಗೆ ಈಗಲೇ ಖರ್ಚು ಮಾಡಬೇಡಿ, ಮುಂದೆ ನೋಡೋಣ. ಕರಿಯನಿಗೆ ಮುದ್ದು.

ನಿಮ್ಮ ಪುಟ್ಟಿ

ಮೇ ೨೯

ಪ್ರೀತಿಯ ಪುಟ್ಟಿ,

ಮೂರು ಹಕ್ಕಿ ಬೇಕು ಎಂದೆಯಲ್ಲ, ತಗೋ. ಕಾಲುವೆ ಬದಿ ಒಮ್ಮೆ ಕೂಗಿ, ಚರಂಡಿಯೊಳಗೆ ಬಗ್ಗಿಕೊಂಡು ನಡುವಿನ ಜೊಂಡಿಗೆ ಓಡಿ, ಅಲ್ಲಿ ಇನ್ನೊಂದು ಸಲ ಕೂಗಿ, ಅಲ್ಲಿಂದ ಅಂಬೆಗಾಲಿನಲ್ಲಿ ಬೇಲಿಯ ಹತ್ತಿರ ಬಂದೆ. ಈ ವಯಸ್ಸಿಗೆ ಇದೊಂದು ಬಾಕಿ ಇತ್ತು. ಸೀರೆ ಕೆಸರಾಗಿ ಒಗೆಯುವ ಹಾಗೂ ಇಲ್ಲ. ಮೂರನೆಯ ಸಲ ಉಸಿರು ಸಾಲದೆ ಶಿಳ್ಳೆ ಅರ್ಧಕ್ಕೇ ನಿಂತಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಕಿವಿರಾಯರು ಅದನ್ನು ಮರಿಹಕ್ಕಿ ಎಂದು ಬರೆದುಕೊಂಡರಂತೆ.

ಆಮೇಲೆ ನಾನು ಸೀರೆ ಬದಲಾಯಿಸಿ, ಏನೂ ಗೊತ್ತಿಲ್ಲದವಳ ಹಾಗೆ ಜಗುಲಿಗೆ ಬಂದರೆ ಆ ಮನುಷ್ಯ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸುತ್ತಲ ಹೊಲಗಳಲ್ಲಿ ಎಲ್ಲೂ ಉಳಿದಿಲ್ಲ, ನಿಮ್ಮಲ್ಲಿ ಮಾತ್ರ ಹೆಚ್ಚಿವೆ, ನೀವು ಪುಣ್ಯವಂತರು ಎಂದರು. ನನಗೆ ಸ್ವಲ್ಪ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಹೋಗುವಾಗ ಇನ್ನು ನಿಮ್ಮ ಹೊಲ ಪೂರ್ಣ ರಕ್ಷಿತ ಆಗುತ್ತದೆ ಎಂದರು. ಒಳ್ಳೆಯದಾಯಿತು ಬಿಡಿ ಎಂದೆ. ಒಳ್ಳೆಯದೇ ತಾನೆ?

ಸೂರಿನ ಕೆಲಸಕ್ಕೆ ಆಳಿಗೆ ಹೇಳಿದ್ದೇನೆ. ಇನ್ನು ಕಾಯಲು ಆಗುವುದಿಲ್ಲ, ಒಲೆಯ ಮೇಲೇ ನೀರು ಬೀಳುತ್ತದೆ.

ನಿನ್ನ ಅತ್ತಿಗೆ

ಆಗಸ್ಟ್ ೧೧

ಪುಟ್ಟಿ,

ಮೂರು ತಿಂಗಳಿಂದ ನಿನ್ನ ಪತ್ರವಿಲ್ಲ. ಹುಷಾರಾಗಿದ್ದೀಯ ತಾನೆ?

ನಿನ್ನೆ ಇಲಾಖೆಯ ಜೀಪು ಬಂತು. ಕಿವಿರಾಯರಲ್ಲ, ಬೇರೆ ಹುಡುಗರು. ಟೇಪು ಹಿಡಿದು ಹೊಲದ ಅಂಚಿನಿಂದ ಮನೆಯವರೆಗೆ ಅಳೆದರು. ಅಳೆದು ನನ್ನ ಅಡುಗೆಮನೆಯ ಗೋಡೆಯ ಮೇಲೆ, ಹೊಸದಾಗಿ ಬಳಿಸಿದ ಸುಣ್ಣದ ಮೇಲೆ, ಕೆಂಪು ಬಣ್ಣದಲ್ಲಿ ಅಡ್ಡ ಗೆರೆ ಎಳೆದರು. ಇದೇನ್ರಪ್ಪಾ ಎಂದು ಕೇಳಿದರೆ ಮಾಲೀಕರಿಗೆ ಗೊತ್ತಿದೆ ಎಂದರು. ಮಾಲೀಕರು ಎಂದರೆ ನೀನೇ. ಕರಿಯ ಅವರ ಪ್ಯಾಂಟು ಹಿಡಿದು ಎಳೆದ, ನಾನೂ ಬಿಡಿಸಲು ಅವಸರ ಮಾಡಲಿಲ್ಲ.

ಏನು ವಿಷಯ ಎಂದು ಒಂದು ಸಾಲು ಬರೆ. ಮನಸ್ಸಿಗೆ ಸಮಾಧಾನವಿಲ್ಲ.

ಅತ್ತಿಗೆ

ಸೆಪ್ಟೆಂಬರ್ ೩

ಪುಟ್ಟಿ, ಕೆಂಪು ಗೆರೆಯ ವಿಷಯ ಕೇಳಿದ್ದೆ. ಉತ್ತರ ಬರೆ. ನಿನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಕೇಳುತ್ತಿದ್ದೇನೆ.

ಸೆಪ್ಟೆಂಬರ್ ೨೦

ಪ್ರೀತಿಯ ಅತ್ತಿಗೆ,

ತಡವಾಯಿತು, ಕ್ಷಮಿಸಿ. ಹೇಗೆ ಬರೆಯುವುದು ಅಂತಲೇ ಇಷ್ಟು ದಿನ ಹೋಯಿತು.

ಪೂರ್ಣ ರಕ್ಷಿತ ಅಂದರೆ ಹೊಲದ ಸುತ್ತ ಮನೆ ಇರುವ ಹಾಗಿಲ್ಲ, ರಾತ್ರಿ ದೀಪ ಇರುವ ಹಾಗಿಲ್ಲ, ನಾಯಿ ಇರುವ ಹಾಗಿಲ್ಲ. ಮನೆಯನ್ನು ಇಲಾಖೆಯವರೇ ಕೆಡವಿಸುತ್ತಾರೆ. ಅದಕ್ಕೆ ಬದಲಾಗಿ ಮಾಲೀಕರಿಗೆ ಈಗ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಬ್ಸಿಡಿ. ಇದೆಲ್ಲ ನಮಗೂ ಈಗಲೇ ಗೊತ್ತಾದದ್ದು ಅತ್ತಿಗೆ, ನಿಮ್ಮಾಣೆ. ನಾನು ಎಷ್ಟು ಅತ್ತೆ ಅಂತ ಇವರನ್ನು ಕೇಳಿ.

ಆಗುವುದಿಲ್ಲ ಅಂತ ನಾವು ತಕರಾರು ಮಾಡಬಹುದಿತ್ತು. ಆದರೆ ಏನಂತ ಮಾಡುವುದು? ಹಕ್ಕಿಗಳೇ ಇಲ್ಲ ಅನ್ನಬೇಕು. ಹಾಗಾದರೆ ಕೂಗಿದ್ದು ಯಾರು ಅಂತ ಕೇಳುತ್ತಾರೆ. ಸರ್ಕಾರಕ್ಕೆ ಮೋಸ ಅಂದರೆ ಸುಮ್ಮನೆ ಬಿಡುವುದಿಲ್ಲ ಅಂತ ಇವರು ಹೇಳಿದರು. ಜೊಂಡಿನಲ್ಲಿ ಕೂತವರು ನೀವು, ನಾನು ಬರೀ ಹೆಸರಿಗೆ ಮಾಲೀಕಳು. ನಿಮಗೆ ಈ ವಯಸ್ಸಿನಲ್ಲಿ ಕೋರ್ಟು ಕಚೇರಿ ಅಲೆಯುವ ಗತಿ ಬರಬಾರದು ಅಂತಲೇ ನಾನು ತುಟಿ ಪಿಟಕ್ ಅನ್ನಲಿಲ್ಲ.

ಇಲ್ಲಿ ಹೆಂಗಸರ ಹಾಸ್ಟೆಲ್ ಒಂದಿದೆ, ಚೊಕ್ಕಟ. ಅರ್ಧ ರೂಮು, ಊಟ, ಬಿಸಿನೀರು. ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ, ಇವರ ಅಮ್ಮ ಬಂದಿದ್ದಾರೆ, ಜಾಗವಿಲ್ಲ. ಕರಿಯನ ಚಿಂತೆ ಬಿಡಿ, ನೀವು ಹೊರಟ ಸಂಜೆ ನಮ್ಮ ಕಡೆಯವರು ಬಂದು ಕರೆದುಕೊಂಡು ಹೋಗುತ್ತಾರೆ, ನಾವು ನೋಡಿಕೊಳ್ಳುತ್ತೇವೆ. ಮುಂದಿನ ಏಪ್ರಿಲ್‌ನಲ್ಲಿ ಕಿವಿರಾಯರು ಇನ್ನೊಮ್ಮೆ ಬಂದು ಕೂಗು ಕೇಳಿಸಿಕೊಂಡರೆ ಹತ್ತು ವರ್ಷಕ್ಕೆ ಪಕ್ಕಾ ಆಗುತ್ತದಂತೆ. ಆಗ ಒಂದು ಸಂಜೆ ಬಂದು ಕೂಗಿ ಹೋದರೆ ಸಾಕು. ಕಾರು ಕಳಿಸುತ್ತೇನೆ.

ನಿಮ್ಮ ಪುಟ್ಟಿ

ಅಕ್ಟೋಬರ್ ೨೩

ಪುಟ್ಟಿ,

ಹಾಸ್ಟೆಲ್ ತಲುಪಿದ್ದೇನೆ. ರೂಮಿನ ಇನ್ನರ್ಧದಲ್ಲಿ ಒಬ್ಬ ದರ್ಜಿಯಮ್ಮ ಇದ್ದಾರೆ, ಕಣ್ಣು ಮಂಜಾಗಿ ಹೊಲಿಗೆ ಬಿಟ್ಟವರು. ಕಿಟಕಿ ತೆರೆದರೆ ಪಕ್ಕದ ಬೇಕರಿಯ ಹಿಂಗೋಡೆ ಕಾಣುತ್ತದೆ. ಮಂಚ ಚಿಕ್ಕದು, ನನಗೆ ಸಾಕು.

ನೀನು ಬಂದು ನಿಲ್ಲುತ್ತೀಯ ಎಂದುಕೊಂಡಿದ್ದೆ. ಪಕ್ಕದ ಹೊಲದ ಟ್ರ್ಯಾಕ್ಟರಿನವನು ಸಾಮಾನನ್ನು ಬಾಡಿಗೆ ಗಾಡಿಗೆ ಹೇರಿಕೊಡುವಷ್ಟರಲ್ಲಿ ಕೆಡವುವ ಯಂತ್ರ ಬಂದೇಬಿಟ್ಟಿತು. ಅವರಿಗೆ ಇನ್ನೊಂದು ಕಡೆ ಕೆಲಸವಿತ್ತಂತೆ, ಅವಸರ. ಮೊದಲು ಅಡುಗೆಮನೆಗೆ ಕೈ ಹಾಕಿದರು. ಹೊಸ ಸೂರು ಒಂದು ಏಟಿಗೆ ಬಿತ್ತು. ಒಂದು ಮಳೆಯಲ್ಲೂ ಸೋರಿರಲಿಲ್ಲ.

ಕರಿಯ ಗಾಡಿಯ ಹಿಂದೆ ಓಡಿ ಬಂದ. ನಿನ್ನ ಕಡೆಯವರು ಸಂಜೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಾರೆ ಎಂದು ಬರೆದಿದ್ದೆಯಲ್ಲ, ಆ ನಂಬಿಕೆಯ ಮೇಲೆ ಟ್ರ್ಯಾಕ್ಟರಿನವನ ಕೈಯಲ್ಲಿ ಹಗ್ಗ ಹಿಡಿಸಿ ಬಂದೆ. ಕರಿಯನಿಗೆ ಎಡಗಿವಿಯ ಹಿಂದೆ ಗಾಯವಿದೆ, ಅರಿಸಿನ ಹಚ್ಚಲು ಹೇಳು. ಹೇಗಿದ್ದಾನೆ ಎಂದು ಬರೆ.

ಒಂದು ಮಾತು ಕೇಳಬೇಕು ಎನಿಸಿತು. ಮೂರು ಕಡೆಯಿಂದ ಕೂಗಿ ಎಂದು ನೀನೇ ಬರೆದಿದ್ದೆ. ಎರಡಲ್ಲ, ನಾಲ್ಕಲ್ಲ. ಮೂರಾದರೆ ಪೂರ್ಣ ರಕ್ಷಿತ ಆಗುತ್ತದೆ ಎಂದು ಜೀಪಿನ ಹುಡುಗರು ಹೇಳಿದರು. ಬಿಡು, ನೀನು ಆಣೆ ಇಟ್ಟಿದ್ದೀಯ.

ಅತ್ತಿಗೆ

ನವೆಂಬರ್ ೧೬

ಪ್ರೀತಿಯ ಅತ್ತಿಗೆ,

ನಿಮಗೆ ಹಾಸ್ಟೆಲ್ ಹಿಡಿಸಿದ್ದು ಕೇಳಿ ನನಗೆ ನೆಮ್ಮದಿ. ನಾವೂ ಮನೆ ಬದಲಾಯಿಸಿದೆವು. ಹೊಸ ಸಬ್ಸಿಡಿಯ ಭರವಸೆಯ ಮೇಲೆ ಇವರು ಧೈರ್ಯ ಮಾಡಿ ಅಪಾರ್ಟ್‌ಮೆಂಟ್ ತೆಗೆದುಕೊಂಡರು, ಮೂರು ರೂಮು. ಕಂತು ಸ್ವಲ್ಪ ಜಾಸ್ತಿ, ಏಪ್ರಿಲ್ ದಾಟಿದರೆ ತೊಂದರೆಯಿಲ್ಲ.

ಭಾನುವಾರ ನೀವು ಬಂದಿದ್ದಾಗ ಒಂದು ವಿಷಯ ಆಯಿತು, ಬೇಜಾರು ಮಾಡಿಕೊಳ್ಳಬೇಡಿ. ನೀವು ನಕ್ಕಾಗ ಇವರ ಅಮ್ಮ, ಅಕ್ಕಪಕ್ಕದವರು ಎಲ್ಲ ನಿಮ್ಮ ಮುಂದಿನ ಹಲ್ಲನ್ನೇ ನೋಡುತ್ತಿದ್ದರು. ಆಮೇಲೆ ಅತ್ತೆ ಕೇಳಿಯೇಬಿಟ್ಟರು, "ಅತ್ತಿಗೆಗೆ ಒಂದ್ ಹಲ್ಲು ಕಟ್ಟಿಸೋಕೂ ಆಗಲ್ವೇನಮ್ಮಾ ನಿಂಗೆ" ಅಂತ. ನನ್ನ ಮರ್ಯಾದೆ ಮೂರು ಕಾಸಾಯಿತು. ನಮ್ಮ ಕೆಳಗಿನ ಮಹಡಿಯಲ್ಲೇ ಹಲ್ಲಿನ ಡಾಕ್ಟರು ಇದ್ದಾರೆ. ಮೇಲಿನ ಸಾಲು ಹೇಗೂ ಅಲ್ಲಾಡುತ್ತಿದೆ, ಕೀಳಿಸಿ ಒಳ್ಳೆಯ ಸೆಟ್ಟು ಹಾಕಿಸಿಬಿಡೋಣ. ಖರ್ಚೆಲ್ಲ ನನ್ನದು. ನಿಮಗೆ ನಾನು ಇಷ್ಟೂ ಮಾಡದಿದ್ದರೆ ಹೇಗೆ.

ಕರಿಯ ಆರಾಮಾಗಿದ್ದಾನೆ. ಇವರ ಸ್ನೇಹಿತರ ತೋಟದಲ್ಲಿ ಇದ್ದಾನೆ, ದಪ್ಪ ಆಗಿದ್ದಾನಂತೆ.

ನಿಮ್ಮ ಪುಟ್ಟಿ

ಡಿಸೆಂಬರ್ ೯

ಪುಟ್ಟಿ,

ಟ್ರ್ಯಾಕ್ಟರಿನವನು ನಗರಕ್ಕೆ ಬಂದಿದ್ದ, ನನ್ನ ಬೀರು ತಂದುಕೊಟ್ಟ. ಕರಿಯ ದಪ್ಪ ಆಗಿದ್ದಾನಂತೆ ಕಣಪ್ಪಾ ಎಂದೆ. ಅವನು ಬೀರುವನ್ನು ಗೋಡೆಗೆ ಒರಗಿಸುವುದರಲ್ಲೇ ಇದ್ದ, ನನ್ನ ಮುಖ ನೋಡಲಿಲ್ಲ. ಎರಡು ಸಲ ಕೇಳಿದ ಮೇಲೆ ಹೇಳಿದ.

"ಅಮ್ಮಾ, ನೀವು ಹೋದ ಸಂಜೇನೇ ನಿಮ್ಮ ನಾದಿನಿ ಗಂಡ ದನದ ಡಾಕ್ಟರನ್ನ ಕರ್ಕೊಂಡು ಬಂದಿದ್ರು. ಸೂಜಿ ಹಾಕಿಸಿದ್ರು. ನಾನೇ ಹಗ್ಗ ಹಿಡ್ಕೊಂಡಿದ್ದೆ. ಯಾರಿಗೂ ಹೇಳ್ಬೇಡ ಅಂದ್ರು."

ಕರಿಯ ಸುಮ್ಮನೆ ನಿಂತಿದ್ದನಂತೆ, ಹಗ್ಗ ಹಿಡಿದವನು ಗುರುತಿನವನಲ್ಲವೇ. ಗೋಡೆಯಿಲ್ಲದ ನಮ್ಮ ಅಡುಗೆಮನೆಯ ಜಾಗದಲ್ಲೇ ಹೂತರಂತೆ. ಪುಟ್ಟಿ, ಕೊಲ್ಲಿಸಿದೆವು ಎಂದು ಬರೆದಿದ್ದರೆ ನಾನು ಅತ್ತು ಬೈದು ಸುಮ್ಮನಾಗುತ್ತಿದ್ದೆ. ದಪ್ಪ ಆಗಿದ್ದಾನೆ ಎಂದು ಬರೆಯಲು ನಿನಗೆ ಹೇಗಾದರೂ ಕೈ ಬಂತೋ. ಆ ಪತ್ರವನ್ನು ನಾನು ದರ್ಜಿಯಮ್ಮನಿಗೆ ಓದಿ ಹೇಳಿದ್ದೆ, ಇಬ್ಬರೂ ಖುಷಿಪಟ್ಟಿದ್ದೆವು.

ಹಲ್ಲಿನ ವಿಷಯ ಕೇಳಿದ್ದೀಯ. ಆಗಲಿ. ಮೇಲಿನದು ಎಲ್ಲ ಕೀಳಿಸು. ದಿನ ಗೊತ್ತುಮಾಡಿ ತಿಳಿಸು, ನಾನೇ ಬಸ್ಸಿನಲ್ಲಿ ಬರುತ್ತೇನೆ.

ಅತ್ತಿಗೆ

ಡಿಸೆಂಬರ್ ೨೮

ಪ್ರೀತಿಯ ಅತ್ತಿಗೆ,

ನೀವು ಒಪ್ಪಿದ್ದು ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ಎಲ್ಲಿ ಹಟ ಮಾಡುತ್ತೀರೋ ಅಂದುಕೊಂಡಿದ್ದೆ. ಜನವರಿ ಎಂಟಕ್ಕೆ ಡಾಕ್ಟರು ಬರಹೇಳಿದ್ದಾರೆ. ಅತ್ತೆಗೂ ಹೇಳಿದೆ, "ಈಗ ಸರಿ ಹೋಯ್ತು ನೋಡು" ಅಂದರು.

ಆ ಇನ್ನೊಂದು ವಿಷಯ, ಆದದ್ದು ಆಗಿಹೋಯಿತು. ವಯಸ್ಸಾದ ನಾಯಿ, ಯಾರೂ ಇಟ್ಟುಕೊಳ್ಳಲು ಒಪ್ಪಲಿಲ್ಲ. ನಿಮಗೆ ನೋವಾಗಬಾರದು ಅಂತಲೇ ಹಾಗೆ ಬರೆದದ್ದು. ಈಗ ಅದನ್ನೇ ಹಿಡಿದುಕೊಂಡು ಕೂರಬೇಡಿ.

ನಿಮ್ಮ ಪುಟ್ಟಿ

ಫೆಬ್ರವರಿ ೧೫

ಪುಟ್ಟಿ,

ನಾಲ್ಕು ಕಿತ್ತ ಮೇಲೆ ಆವತ್ತಿಗೆ ಸಾಕು, ಉಳಿದದ್ದು ಮುಂದಿನ ವಾರ ಎಂದರು ಡಾಕ್ಟರು. ಬೇಡ, ಇವತ್ತೇ ಮುಗಿಸಿಬಿಡಿ ಎಂದೆ. ಮುರಿದ ಹಲ್ಲನ್ನು ಮುಟ್ಟಿ ನೋಡಿ, ಇದರ ಬೇರು ಬಹಳ ಗಟ್ಟಿ ಇದೆಯಲ್ಲ, ಇದನ್ನು ಉಳಿಸಿಕೊಂಡು ಮೇಲೊಂದು ಕ್ಯಾಪು ಹಾಕಬಹುದು ಎಂದರು. ಅದನ್ನೇ ಮೊದಲು ಕೀಳಿ ಎಂದೆ. ನೀನು ಹೊರಗೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದೆ, ನಿನ್ನ ನಗು ಕೇಳಿಸುತ್ತಿತ್ತು.

ಮೂರು ದಿನ ಗಂಜಿ ಕೂಡ ಇಳಿಯಲಿಲ್ಲ. ದಿಂಬೆಲ್ಲ ರಕ್ತ. ದರ್ಜಿಯಮ್ಮ ತಡಕಾಡಿಕೊಂಡೇ ಬದಲಾಯಿಸಿದರು. ಈಗ ಸೆಟ್ಟು ಹಾಕಿಕೊಂಡಿದ್ದೇನೆ. ಬೆಳ್ಳಗೆ, ಸಾಲಾಗಿ, ಯಾರದೋ ಬಾಯಿ ನನಗೆ ಬಂದ ಹಾಗಿದೆ. ನಿನ್ನ ಅತ್ತೆಗೆ ತೋರಿಸಲು ಯಾವಾಗ ಬೇಕಾದರೂ ಕರೆ.

ಅತ್ತಿಗೆ

ಮಾರ್ಚ್ ೨೭

ಪ್ರೀತಿಯ ಅತ್ತಿಗೆ,

ಕೆಲಸದ ಗಡಿಬಿಡಿಯಲ್ಲಿ ಬರೆಯಲು ಆಗಿರಲಿಲ್ಲ. ಕಿವಿರಾಯರು ಏಪ್ರಿಲ್ ಹದಿನಾಲ್ಕಕ್ಕೆ ಬರುತ್ತಾರಂತೆ, ಜೊತೆಗೆ ಮೇಲಿನ ಅಧಿಕಾರಿಯೂ ಬರುತ್ತಾರೆ. ಆವತ್ತು ಕೂಗು ಕೇಳಿಸದಿದ್ದರೆ ಹೊಲ ಪಟ್ಟಿಯಿಂದ ಹೊರಗೆ, ಸಬ್ಸಿಡಿ ಅಲ್ಲಿಗೇ ಮುಗಿಯಿತು. ಹಿಂದಿನ ದಿನವೇ ಕಾರು ಕಳಿಸುತ್ತೇನೆ. ಹತ್ತಿರದ ಊರಲ್ಲಿ ಲಾಡ್ಜು ನೋಡಿದ್ದೇವೆ. ನೀರಿಗೆ ಇಳಿಯಲು ಒಳ್ಳೆಯ ಗಂಬೂಟು ಕೊಂಡಿದ್ದೇನೆ, ನಿಮ್ಮ ಅಳತೆಯದು.

ಈ ಮನೆಯ ಕಂತು ನಿಂತಿರುವುದು ನಿಮ್ಮ ಮೇಲೆ ಅತ್ತಿಗೆ. ಇವರಿಗೆ ರಾತ್ರಿ ನಿದ್ದೆಯಿಲ್ಲ. ಹಳೆಯದೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ನಾನು ನಿಮ್ಮ ಕೈಯಲ್ಲಿ ಬೆಳೆದವಳು. ಬರುತ್ತೇನೆ ಅಂತ ಒಂದು ಸಾಲು ಬರೆಯಿರಿ.

ನಿಮ್ಮ ಪುಟ್ಟಿ

ಏಪ್ರಿಲ್ ೪

ಪ್ರೀತಿಯ ಪುಟ್ಟಿ,

ಕಾರು ಕಳಿಸಬೇಡ. ಬರುವುದಕ್ಕೆ ನನಗೇನೂ ಅಡ್ಡಿಯಿಲ್ಲ, ಆದರೆ ಬಂದು ಉಪಯೋಗವಿಲ್ಲ.

ನಿನ್ನ ಪತ್ರ ಬಂದ ಮೇಲೆ, ನೀನು ನಂಬುವುದಿಲ್ಲ ಎಂದು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದೆ. ಸೆಟ್ಟು ಹಾಕಿಕೊಂಡರೆ ಉಸಿರು ಹೊರಗೇ ಬರುವುದಿಲ್ಲ. ಸೆಟ್ಟು ತೆಗೆದರೆ ಬರೀ ಗಾಳಿ. ಗ್ಯಾಸು ಸೋರುತ್ತಿದೆಯೇ ನೋಡಿ ಎಂದು ದರ್ಜಿಯಮ್ಮ ಹೊರಗಿನಿಂದ ಕೂಗಿದರು. ನಿನ್ನ ಅಣ್ಣ ಹೋದ ಮೇಲೆ ನಾನು ಅಷ್ಟು ನಕ್ಕಿರಲಿಲ್ಲ. ನಕ್ಕು ಆಮೇಲೆ ಅಲ್ಲೇ ಬಕೆಟ್ಟಿನ ಪಕ್ಕ ಕೂತು ಅತ್ತೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದ್ದೆ. ಹೋದ ಏಪ್ರಿಲ್‌ನ ಪತ್ರದಲ್ಲೇ, ಆ ಮುರಿದ ಹಲ್ಲೇ ಬೇಕು ಎಂದು ಬರೆದಿದ್ದೆ. ನೀನು ಅದರಲ್ಲಿ ಹಕ್ಕಿ ಎಷ್ಟು ಎಂಬುದನ್ನಷ್ಟೇ ಓದಿದೆ. ಕೀಳಿಸಲು ಒಪ್ಪಿದಾಗ ನನಗೆ ನೆನಪಿತ್ತೇ ಎಂದು ಕೇಳಿದರೆ, ಇತ್ತು. ಡಾಕ್ಟರು ಇಕ್ಕಳ ಹಿಡಿದು ಬಗ್ಗಿದಾಗಲೂ ಇತ್ತು. ಕರಿಯನ ಹಾಗೆ ಸುಮ್ಮನೆ ಕೂತಿದ್ದೆ. ನಿನಗೆ ಕೇಡು ಬಯಸುವವಳಲ್ಲ ಎಂದು ಬರೆಯಬಹುದು, ಆಣೆಯನ್ನೂ ಇಡಬಹುದು. ನಾನು ಆ ಕೆಲಸ ಮಾಡುವುದಿಲ್ಲ.

ನನ್ನ ಮನೆ ಮತ್ತೆ ಏಳುವುದಿಲ್ಲ, ಅದು ನನಗೆ ಗೊತ್ತು. ನಿನ್ನದೂ ಉಳಿಯುವ ಹಾಗೆ ಕಾಣುವುದಿಲ್ಲ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮು ಖಾಲಿಯಿದೆ, ಚೊಕ್ಕಟ, ಬಿಸಿನೀರು ಬರುತ್ತದೆ. ಬೇಕಾದರೆ ಕೇಳಿ ಇಡುತ್ತೇನೆ.

ಹದಿನಾಲ್ಕಕ್ಕೆ ಕಿವಿರಾಯರು ಬದುವಿನ ಮೇಲೆ ಟೋಪಿ ತೆಗೆದು ನಿಂತಾಗ ನೀನೇ ಜೊಂಡಿನಲ್ಲಿ ಕೂತು ಕೂಗು. ಗಂಬೂಟು ನಿನ್ನ ಕಾಲಿಗೂ ಆಗುತ್ತದೆ. ಕಿತ್ತ ಹಲ್ಲುಗಳನ್ನು ಡಾಕ್ಟರು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಮುರಿದದ್ದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ದುಡ್ಡು ಕೊಟ್ಟು ಕೀಳಿಸಿದವಳು ನೀನು, ನಿನ್ನದೇ ಅದು. ತೆಗೆಯುವಾಗ ಜೋಪಾನ, ಒಂದು ಕಡೆ ಇನ್ನೂ ಚೂಪಾಗಿದೆ.

ನಿನ್ನ ಅತ್ತಿಗೆ